ಓದುಗರ ಪ್ರಶ್ನೆ: ಈ ಸಾಮಾನು ಯಾವ ದೇಶದ್ದು?

ಪ್ರಶ್ನೆ: ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ ಮಾಲು, 690 ಇದ್ದರೆ ಚೀನಾದ್ದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದನ್ನೇ ನೋಡಿ ಸಾಮಾನು ಆರಿಸುತ್ತಿದ್ದೇನೆ. ಸರಿಯೇ?
– ಗೃಹಿಣಿ, ದಾವಣಗೆರೆ

ಉತ್ತರ: ಸರಿಯಲ್ಲ. ಕಂಪನಿಗೆ ಆ ಸಂಖ್ಯೆಯನ್ನು ಯಾವ ದೇಶದ ಜಿಎಸ್1 (ಬಾರ್‌ಕೋಡ್ ಸಂಖ್ಯೆ ಹಂಚುವ) ಸಂಸ್ಥೆ ಕೊಟ್ಟಿದೆ ಎಂಬುದಷ್ಟೇ ಮೊದಲ ಮೂರು ಅಂಕಿಗಳಿಂದ ಗೊತ್ತಾಗುತ್ತದೆ. ಭಾರತದ ಸಂಸ್ಥೆಗೆ 890, ಚೀನಾದ ಸಂಸ್ಥೆಗೆ 690ರಿಂದ 699. ಆಮದು ವ್ಯಾಪಾರಿಯೊಬ್ಬ ಇಲ್ಲಿ ನೋಂದಾಯಿಸಿಕೊಂಡು 890ರ ಸಂಖ್ಯೆ ಪಡೆದು, ಹೊರಗೆ ತಯಾರಾದ ಡಬ್ಬಿಯ ಮೇಲೆ ಹಾಕಬಹುದು. ಪೀಣ್ಯದಲ್ಲಿ ತಯಾರಾದ ವಿದೇಶಿ ಕಂಪನಿಯ ಸರಕಿನ ಮೇಲೆ ಹೊರದೇಶದ ಅಂಕಿ ಇರಲೂಬಹುದು. ಬಾರ್‌ಕೋಡ್ ನಂಬಿದರೆ ನಮ್ಮವರು ಮಾಡಿದ್ದನ್ನೇ ಅಂಗಡಿಯಲ್ಲಿ ಬಿಟ್ಟು ಬರುವ ಹಾಗಾಗುತ್ತದೆ.

ನೋಡಬೇಕಾದದ್ದು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರು, ಪ್ಯಾಕ್ ಮಾಡಿದವರು ಅಥವಾ ಆಮದುದಾರರ ಹೆಸರು ಮತ್ತು ವಿಳಾಸ ಅಲ್ಲಿರಲೇಬೇಕು. ಆಮದು ಸರಕಾದರೆ ಮೂಲ ದೇಶದ ಹೆಸರೂ ಇರಬೇಕು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂಬುದರ ಮುಂದೆ ಇರುವುದು ಕಾರ್ಖಾನೆಯವರ ಹೆಸರು. ‘ಮಾರ್ಕೆಟೆಡ್ ಬೈ’ ಎಂದರೆ ಮಾರುವವರು ಮಾತ್ರ. ಬೆಂಗಳೂರಿನ ವಿಳಾಸ ದಪ್ಪಕ್ಷರದಲ್ಲಿ ಕಂಡ ತಕ್ಷಣ ಬೆಂಗಳೂರಲ್ಲೇ ಮಾಡಿದ್ದು ಎಂದುಕೊಳ್ಳಬೇಡಿ. ‘ಇಂಪೋರ್ಟೆಡ್ ಬೈ’ ಎಂಬ ಸಾಲು ಹೆಚ್ಚಾಗಿ ಬಿಳಿ ಸ್ಟಿಕ್ಕರ್ ಮೇಲಿರುತ್ತದೆ, ಎಂಆರ್‌ಪಿಯ ಪಕ್ಕದಲ್ಲಿ. ‘ಮೇಡ್ ಇನ್ ಪಿಆರ್‌ಸಿ’ ಎಂದಿದ್ದರೆ ಅದೂ ಚೀನಾವೇ, ಪೀಪಲ್ಸ್ ರಿಪಬ್ಲಿಕ್ ಆಫ್ ಚೀನಾ ಎಂಬುದರ ಮೊದಲಕ್ಷರಗಳು. ‘ಡಿಸೈನ್ಡ್ ಇನ್’ ಎಂದು ಇನ್ನೊಂದು ದೇಶದ ಹೆಸರಿದ್ದರೆ ತಯಾರಿಕೆಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಐಎಸ್‌ಐ ಗುರುತು ಇದ್ದರೆ ದೇಶೀಯ ವಸ್ತು ಎಂದು ಖಚಿತ ಮಾಡಿಕೊಳ್ಳಬಹುದೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಆಗದು. ಅದು ಗುಣಮಟ್ಟದ ಗುರುತು. ವಿದೇಶಿ ಕಾರ್ಖಾನೆಗಳಿಗೂ ಬಿಐಎಸ್, ಅಂದರೆ ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೊ, ಪರವಾನಗಿ ಕೊಡುತ್ತದೆ. ಆದರೆ ಆ ಗುರುತಿನ ಜೊತೆಗಿರುವ ಸಂಖ್ಯೆಯಿಂದಲೇ ಕಾರ್ಖಾನೆಯನ್ನು ಪತ್ತೆ ಮಾಡಬಹುದು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಗುರುತಿನ ಮೇಲ್ಭಾಗದಲ್ಲಿ ಐಎಸ್ ಸಂಖ್ಯೆ, ಅಂದರೆ ಆ ವಸ್ತುವಿನ ಭಾರತೀಯ ಮಾನಕದ ಸಂಖ್ಯೆ ಇರುತ್ತದೆ (ಪ್ರೆಷರ್ ಕುಕ್ಕರ್‌ಗೆ 2347), ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ. ಮೊಬೈಲ್‌ಗೆ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು, ಪರವಾನಗಿ ಪರಿಶೀಲನೆಯ ಜಾಗದಲ್ಲಿ ಆ ಸಂಖ್ಯೆಯನ್ನು ಒತ್ತಿ. ಪರವಾನಗಿ ಪಡೆದವರ ಹೆಸರು, ವಿಳಾಸ, ಯಾವ ವಸ್ತುವಿಗೆ ಪರವಾನಗಿ, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಬರುತ್ತದೆ. ಕುಕ್ಕರ್ ಕೈಯಲ್ಲಿ ಹಿಡಿದು ಸಂಖ್ಯೆ ಒತ್ತಿದಾಗ ಬೇರಾವುದೋ ವಸ್ತುವಿನ ಹೆಸರು ಬಂದರೆ ಅಥವಾ ಏನೂ ಬಾರದಿದ್ದರೆ, ಕುಕ್ಕರನ್ನು ಅಂಗಡಿಯಲ್ಲೇ ಬಿಡಿ. ಗುರುತು ನಕಲಿ ಇರಬಹುದು, ಒಲೆಯ ಮೇಲೆ ಅದು ಅಪಾಯದ ಮಾತು.

ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬ್‌ಗಳ ಮೇಲೆ ಐಎಸ್‌ಐ ಬದಲು ‘ಆರ್’ ಅಕ್ಷರದ ನೋಂದಣಿ ಸಂಖ್ಯೆ ಇರುತ್ತದೆ. ಈ ನೋಂದಣಿ ಪ್ರತಿ ಕಾರ್ಖಾನೆಗೂ ಬೇರೆ ಬೇರೆ. ಆದ್ದರಿಂದ ಇದನ್ನು ಅದೇ ಆ್ಯಪ್‌ನಲ್ಲಿ ನೋಡಿದರೆ ಆ ವಸ್ತು ತಯಾರಾದ ಊರಿನವರೆಗೂ ಹೋಗಬಹುದು. ಹೊಸ ಮೊಬೈಲ್ ಕೊಂಡಾಗ ಫೋನಿನ ಲೇಬಲನ್ನೂ ಚಾರ್ಜರ್ ಲೇಬಲನ್ನೂ ಬೇರೆಬೇರೆಯಾಗಿ ಓದಿ. ಒಂದೇ ಡಬ್ಬಿಯಲ್ಲಿದ್ದರೂ ಎರಡರ ದೇಶ ಒಂದೇ ಆಗಿರಬೇಕೆಂದಿಲ್ಲ.

ಪ್ರಶ್ನೆ: ಮಗುವಿಗೆ ಚನ್ನಪಟ್ಟಣದ ಗೊಂಬೆ ಕೊಳ್ಳಬೇಕು. ಆಟಿಕೆಗೆ ಐಎಸ್‌ಐ ಕಡ್ಡಾಯ ಎನ್ನುತ್ತಾರೆ, ಅಂಗಡಿಯ ಗೊಂಬೆಗಳಲ್ಲಿ ಅದಿಲ್ಲ. ನಕಲಿಯೇ?
– ಓದುಗರು, ಕಲಬುರಗಿ

ಉತ್ತರ: ಅದೊಂದರಿಂದ ನಕಲಿ ಎನ್ನಲಾಗದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಕಡ್ಡಾಯವಾಗಿದೆ ನಿಜ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ಮತ್ತು ಭೌಗೋಳಿಕ ಸೂಚಕದ, ಅಂದರೆ ಜಿಐ ನೋಂದಣಿಯ ಆಟಿಕೆಗಳಿಗೆ ವಿನಾಯಿತಿ ಕೊಡಲಾಗಿದೆ. ಚನ್ನಪಟ್ಟಣದ ಗೊಂಬೆಗೆ ಜಿಐ ಇದೆ. ಹಾಗಾಗಿ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ಮಾಡಿದವರು ಯಾರು, ಅವರಿಗೆ ಕುಶಲಕರ್ಮಿ ಗುರುತಿನ ಚೀಟಿ ಅಥವಾ ಜಿಐ ಬಳಕೆದಾರ ನೋಂದಣಿ ಇದೆಯೇ?

ಕಣ್ಣಿಗೇ ಗೊತ್ತಾಗುವ ಗುರುತುಗಳೂ ಇವೆ. ಸಾಂಪ್ರದಾಯಿಕ ಗೊಂಬೆ ಹಾಲೆ ಮರದ್ದು, ಚರಕಿ ಯಂತ್ರದಲ್ಲಿ ತಿರುಗಿಸಿ ಕಡೆದದ್ದು. ಹಾಗಾಗಿ ತಲೆ, ಮೈ, ಗಾಲಿ ಎಲ್ಲ ಭಾಗವೂ ದುಂಡಗೆ, ನಡುವಿನ ಅಕ್ಷದ ಸುತ್ತ ಸಮವಾಗಿರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಒಣ ಎಲೆಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬ್ರಷ್ಷಿನ ಗೆರೆ, ಇಳಿದ ಬಣ್ಣದ ಹನಿ, ಮೂಲೆಗಳಲ್ಲಿ ದಪ್ಪಗೆ ನಿಂತ ಪೇಂಟ್ ಕಂಡರೆ ಅದು ಅರಗಿನ ಕೆಲಸವಲ್ಲ. ಚಪ್ಪಟೆ ಹಲಗೆ ಕತ್ತರಿಸಿ ಚಿತ್ರ ಅಂಟಿಸಿದ ಆಟಿಕೆ ಚನ್ನಪಟ್ಟಣದ ರಸ್ತೆ ಬದಿಯಲ್ಲೇ ಸಿಕ್ಕರೂ ಈ ಕಸುಬಿಗೆ ಸೇರಿದ್ದಲ್ಲ. ಕೊಂಡ ಮೇಲೆ ಒಂದು ಎಚ್ಚರಿಕೆ: ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಒರೆಸಬೇಡಿ. ಅರಗು ಮದ್ಯಸಾರದಲ್ಲಿ ಕರಗುತ್ತದೆ, ಬಣ್ಣ ಕೈಗೇ ಬರುತ್ತದೆ. ಹಿಂಡಿದ ಒದ್ದೆ ಬಟ್ಟೆ ಸಾಕು, ಒರೆಸಿದ ಮೇಲೆ ಒಣಗಿಸಿ.

ಪ್ರಶ್ನೆ: ಮಂಗಳೂರಿನ ಗೋಡಂಬಿ ಪೊಟ್ಟಣದ ಮೇಲೆ ಭಾರತದ ಉತ್ಪನ್ನ ಎಂದಿದೆ. ಬೀಜ ಆಫ್ರಿಕಾದ್ದು ಎಂದು ಗೆಳೆಯರು ಹೇಳುತ್ತಾರೆ. ಯಾವುದು ಸುಳ್ಳು?
– ಬೇಕರಿ ಮಾಲೀಕರು, ಶಿವಮೊಗ್ಗ

ಉತ್ತರ: ಎರಡೂ ನಿಜ ಇರಬಹುದು. ಕರಾವಳಿಯ ಕಾರ್ಖಾನೆಗಳಿಗೆ ಸ್ಥಳೀಯ ಬೀಜ ಸಾಲದೆ ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಮುಂತಾದ ಕಡೆಗಳಿಂದ ಹಸಿ ಗೇರುಬೀಜ ಬರುತ್ತದೆ. ಅದನ್ನು ಹಬೆಯಲ್ಲಿ ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದು ವಿಂಗಡಿಸುವುದು ಇಲ್ಲಿ. ಆಹಾರದ ಸ್ವರೂಪವೇ ಬದಲಾಗುವಂತೆ ಸಂಸ್ಕರಣೆ ಎರಡನೆಯ ದೇಶದಲ್ಲಿ ನಡೆದರೆ ಆ ದೇಶವನ್ನೇ ಮೂಲ ದೇಶ ಎಂದು ಪರಿಗಣಿಸಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮ. ಗೇರು ಕಾರ್ಖಾನೆಗಳಲ್ಲಿ ದುಡಿಯುವ ಸಾವಿರಾರು ಹೆಣ್ಣುಮಕ್ಕಳ ಕೂಲಿ ಆ ಪೊಟ್ಟಣದಲ್ಲಿದೆ, ಅದನ್ನು ಪರದೇಶದ್ದು ಎಂದು ತಳ್ಳುವುದು ನಮ್ಮ ಮಟ್ಟಿಗೆ ನ್ಯಾಯವಲ್ಲ. ನಿಮಗೆ ನಮ್ಮ ರೈತರ ಬೀಜವೇ ಬೇಕಿದ್ದರೆ ಲೇಬಲ್ ಸಾಲದು. ಸ್ಥಳೀಯ ಬೀಜವೆಂದು ಲಿಖಿತವಾಗಿ ಹೇಳುವ ಕಾರ್ಖಾನೆಯಿಂದಲೇ ತರಿಸಿ. ಡಬ್ಲ್ಯು 240, 320 ಎಂಬುದು ಗಾತ್ರದ ದರ್ಜೆ, ಒಂದು ಪೌಂಡಿಗೆ ಸುಮಾರು ಎಷ್ಟು ಇಡೀ ಬೀಜ ಎಂಬ ಲೆಕ್ಕ. ಊರಿನ ಸುಳಿವು ಅದರಲ್ಲಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಭಾರತ’ ಎಂದು ತೋರಿಸಿ, ಬಂದ ಡಬ್ಬಿಯ ಮೇಲೆ ಬೇರೆ ದೇಶದ ಹೆಸರಿದ್ದರೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮೂಲ ದೇಶದ ವಿವರ ಕೊಳ್ಳುವ ಮೊದಲೇ ನಿಮಗೆ ಸಿಗಬೇಕು. ಆರ್ಡರ್ ಮಾಡುವ ಮುಂಚೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಮಾರಾಟಗಾರರು ಆಮೇಲೆ ತಿದ್ದಿಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಡಬ್ಬಿ ಬಂದಾಗ ಲೇಬಲ್‌ನ ಫೋಟೊ ತೆಗೆಯಿರಿ, ಸ್ಟಿಕ್ಕರ್ ಕೀಳಬೇಡಿ. ಮೊದಲು ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆದು ದೂರು ಸಂಖ್ಯೆ ಪಡೆಯಿರಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಪೊಟ್ಟಣದ ಮೇಲೆ ದೇಶದ ಹೆಸರೇ ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ (ತೂಕ ಮತ್ತು ಅಳತೆ) ಇಲಾಖೆಗೂ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.