ರಬ್ಬರ್ ಶೀಟಿಗೆ ಹಾಕುವ ಫಾರ್ಮಿಕ್ ಆಸಿಡ್ ಎಷ್ಟು ಅಪಾಯ?

ಈ ವರ್ಷ ಹೊಸದಾಗಿ ಟ್ಯಾಪಿಂಗ್ (ರಬ್ಬರ್ ಮರ ಕೊಯ್ದು ಹಾಲು ತೆಗೆಯುವುದು) ಶುರು ಮಾಡಿದ್ದೇವೆ, ಫಾರ್ಮಿಕ್ ಆಸಿಡನ್ನು ಯಾರೋ ಕುಡಿಯುವ ನೀರಿನ ಬಾಟಲಿಗೆ ತುಂಬಿಸಿ ಕೊಟ್ಟಿದ್ದಾರೆ, ಮನೆಯಲ್ಲಿ ಮಕ್ಕಳಿದ್ದಾರೆ, ಭಯಪಡಬೇಕಾ ಅಂತ ಕೇಳಿದ್ದೀರಿ. ಹೌದು, ಆ ಬಾಟಲಿಗೆ ಭಯಪಡಲೇಬೇಕು. ಇದನ್ನು ಓದುವುದು ಬಿಟ್ಟು ಮೊದಲು ಅದನ್ನು ಬೀಗ ಹಾಕುವ ಕಪಾಟಿಗೆ ಸೇರಿಸಿ, ಮೇಲೆ ದೊಡ್ಡದಾಗಿ 'ಆಸಿಡ್' ಅಂತ ಬರೆದು ಅಂಟಿಸಿ.

ಸುಳ್ಯದ ಕಡೆ ನಮ್ಮದೂ ಸಣ್ಣ ರಬ್ಬರ್ ತೋಟ. ಚಗಳಿ ಇರುವೆ ಕಣ್ಣಿಗೆ ಹಾರಿಸುತ್ತದಲ್ಲ, ಆ ಉರಿಯ ರಸವೂ ಫಾರ್ಮಿಕ್ ಆಸಿಡೇ. ಅದು ಒಂದು ಹನಿಯೂ ಇಲ್ಲ. ನಿಮ್ಮ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ 85 ಶೇಕಡಾದ್ದು. ನೋಡಲು ನೀರಿನ ಹಾಗೇ ಇರುತ್ತದೆ, ಅಪಾಯ ಇರುವುದೇ ಅಲ್ಲಿ. ಬಾಯಾರಿ ಬಂದವರು ವಾಸನೆ ನೋಡುವುದಿಲ್ಲ, ಎತ್ತಿ ಒಂದು ಗುಟುಕು ಕುಡಿದುಬಿಡುತ್ತಾರೆ. ಗಂಟಲು, ಹೊಟ್ಟೆ ಸುಡುವುದಷ್ಟೇ ಅಲ್ಲ, ರಕ್ತಕ್ಕೆ ಸೇರಿ ಕಿಡ್ನಿಗೂ ಪೆಟ್ಟು ಕೊಡುತ್ತದೆ. ಹಾಗೇನಾದರೂ ಆದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಸೋಡಾಪುಡಿಯೂ ಬೇಡ. ಬಾಯಿ ಮುಕ್ಕಳಿಸಿಸಿ, 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.

ಟ್ರೇಗೆ ಹಾಕುವುದು ನೂರಕ್ಕೆ ಒಂದು ಪಾಲಿನಷ್ಟು ತೆಳ್ಳಗೆ ಮಾಡಿದ ಆಸಿಡ್, ಅಂದರೆ ಒಂದು ಲೀಟರ್ ನೀರಿಗೆ ಸುಮಾರು 10 ಮಿಲಿ. ಟ್ರೇಯಲ್ಲಿರುವ ರಬ್ಬರ್ ಹಾಲು ಶೀಟಿಗೆ ಬೇಕಾದಂತೆ ಗಟ್ಟಿಯಾಗಲು ಅಷ್ಟು ಸಾಕು. ಅದು ಕೈಗೆ ತಾಗಿದರೆ ತೊಳೆದುಕೊಂಡರಾಯಿತು. ಎಚ್ಚರ ಬೇಕಾದದ್ದು ಕ್ಯಾನಿನಿಂದ ಅಳೆದು ಸುರಿಯುವ ಆ ಅರ್ಧ ನಿಮಿಷದಲ್ಲಿ.

ಒಂದು ಬೆಳಿಗ್ಗೆ ನಮ್ಮ ಟ್ಯಾಪರ್ ಕ್ಯಾನಿನ ಮುಚ್ಚಳ ಒತ್ತಿ ತಿರುಗಿಸುವಾಗ ಹನಿ ಸಿಡಿದು ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಟ್ರೇ ತೊಳೆಯುವ ಪೈಪು ಇತ್ತು. ಅವನು ಕಣ್ಣು ಬಿಗಿಹಿಡಿದು ಕೂಗುತ್ತಿದ್ದ, ನಾನು ರೆಪ್ಪೆ ಬಿಡಿಸಿ ಹಿಡಿದು ನೀರು ಬಿಟ್ಟೆ. ಹದಿನೈದು ನಿಮಿಷ ನಿಲ್ಲಿಸಲಿಲ್ಲ, ಆಮೇಲೆ ಕಣ್ಣಿನ ಆಸ್ಪತ್ರೆಗೆ. ದೃಷ್ಟಿ ಉಳಿಯಿತು. ಅಂದಿನಿಂದ ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ನಮ್ಮಲ್ಲಿ ಯಾರೂ ಕ್ಯಾನ್ ಮುಟ್ಟುವುದಿಲ್ಲ. ನೀವೂ ನೀರು ಮೊದಲು ತೆಗೆದುಕೊಂಡು ಅದಕ್ಕೆ ಆಸಿಡ್ ಹಾಕಿ, ಅಳೆಯಲು ಪ್ಲಾಸ್ಟಿಕ್ ಇಲ್ಲವೇ ಗಾಜಿನ ಅಳತೆಪಾತ್ರೆ ಇಟ್ಟುಕೊಳ್ಳಿ. ಗಾಳಿಯಾಡುವ ಕಡೆ ನಿಂತು ಸುರಿಯಿರಿ, ಹಬೆ ಮೂಗಿಗೂ ಎದೆಗೂ ಕೆಟ್ಟದ್ದು. ಬ್ಲೀಚಿಂಗ್ ಪೌಡರ್ ಹತ್ತಿರ ಇಡಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ.

ಅಗ್ಗ ಅಂತ ಸಲ್ಫ್ಯೂರಿಕ್ ಹಾಕಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಗಟ್ಟಿ ಸಲ್ಫ್ಯೂರಿಕ್‌ಗೆ ಅಪ್ಪಿತಪ್ಪಿ ನೀರು ಬಿದ್ದರೆ ಕುದಿದು ಮುಖಕ್ಕೇ ಸಿಡಿಯುತ್ತದೆ. ಶೀಟಿನಲ್ಲಿ ಅದು ಉಳಿದರೆ ರಬ್ಬರಿನ ಗುಣವೂ ಕೆಡುತ್ತದೆ. ಮುಂದಿನ ಸಲ ಲೇಬಲ್ ಇರುವ, ಸೀಲ್ ಒಡೆಯದ ಫಾರ್ಮಿಕ್ ಕ್ಯಾನನ್ನೇ ಕೇಳಿ ತನ್ನಿ.