ಸಂಪಾದಕರ ಉತ್ತರ: ಕಮ್ಕಮಳ ಸಮಾಧಿಗೆ ಮನಾತ್ ದೇವಿಯ ಕಾವಲು

ಓದುಗರೊಬ್ಬರು ಬರೆದಿದ್ದಾರೆ: “ಇಂದಿನ ಜೋರ್ಡಾನ್‌ನಲ್ಲಿರುವ ಪೆಟ್ರಾ ನಗರವನ್ನು ಕಟ್ಟಿದ ಪ್ರಾಚೀನ ಅರಬ್ ಜನ ನಬಾತಿಯನ್ನರು ಅಲ್ಲಾತ್, ಅಲ್-ಉಜ್ಜಾ, ಮನಾತ್ ಎಂಬ ದೇವಿಯರನ್ನು ಪೂಜಿಸುತ್ತಿದ್ದರು. ಹಾಗಾದರೆ ಅವರಲ್ಲಿ ಹೆಂಗಸರಿಗೂ ಒಳ್ಳೆಯ ಸ್ಥಾನಮಾನ ಇತ್ತೆನ್ನಬಹುದೇ?”

ಇತ್ತು. ಆದರೆ ಅದಕ್ಕೆ ಪೂಜೆಯನ್ನು ಪುರಾವೆಯಾಗಿ ಹಿಡಿಯಬೇಡಿ. ಪೆಟ್ರಾದ ರೆಕ್ಕೆಯ ಸಿಂಹಗಳ ದೇಗುಲದಲ್ಲಿ ಸಿಕ್ಕ ದೇವಿಯ ಕಲ್ಲನ್ನು ನೋಡಿ. ಆಯತಾಕಾರದ ಪುಟ್ಟ ಫಲಕ, ಅದರಲ್ಲಿ ಕಣ್ಣು, ಮೂಗು, ತುಟಿ, ಕೆಳಗೆ ‘ನಿಬತ್‌ನ ಮಗ ಹಯ್ಯಾನನ ದೇವಿ’ ಎಂಬ ಬರಹ. ದೇವಿಯ ಹೆಸರು ಅದರಲ್ಲಿಲ್ಲ, ಭಕ್ತನದಿದೆ, ಅವನೂ ಗಂಡಸು. ಹೆಣ್ಣುಮಕ್ಕಳು ಹೇಗೆ ಬಾಳಿದರೆಂದು ಈ ಕಲ್ಲು ಹೇಳುವುದಿಲ್ಲ.

ಅದನ್ನು ಹೇಳುವುದು ನಬಾತಿಯನ್ನರದೇ ಇನ್ನೊಂದು ನಗರ ಹೆಗ್ರಾ, ಇಂದಿನ ಸೌದಿ ಅರೇಬಿಯಾದ ಮದಾಇನ್ ಸಾಲಿಹ್. ಅಲ್ಲಿ ಬಂಡೆ ಕೊರೆದು ಮಾಡಿದ ಸಮಾಧಿಗಳ ಮುಂಭಾಗದಲ್ಲಿ ಒಡೆತನದ ಪತ್ರವನ್ನೇ ಕೆತ್ತಿದ್ದಾರೆ. ಮಾಡಿಸಿದವರು ಯಾರು, ಯಾರಿಗಾಗಿ, ಅರಸನ ಆಳ್ವಿಕೆಯ ಎಷ್ಟನೇ ವರ್ಷ, ಮಾರಿದರೆ ಅಥವಾ ಒತ್ತೆಯಿಟ್ಟರೆ ಯಾರ ಶಾಪ, ಎಷ್ಟು ದಂಡ ಎಂಬುದೆಲ್ಲ ಅದರಲ್ಲಿರುತ್ತದೆ.

ನಬಾತಿಯನ್ ಅರಸ ನಾಲ್ಕನೆಯ ಅರೇತಾಸನ ಆಳ್ವಿಕೆಯ 9ನೇ ವರ್ಷದ, ಅಂದರೆ ಕ್ರಿಸ್ತಶಕದ ಆರಂಭದ ಹೊತ್ತಿನ ಒಂದು ಸಮಾಧಿಯನ್ನು ಕಮ್ಕಮ್ ಮತ್ತವಳ ಮಗಳು ಕುಲೈಬತ್ ತಮಗೂ ತಮ್ಮ ಸಂತತಿಗೂ ಮಾಡಿಸಿದರು. ಗಂಡನ ಹೆಸರು ಅದರಲ್ಲಿಲ್ಲ. ಕಮ್ಕಮ್ ತನ್ನನ್ನು ಗುರುತಿಸಿಕೊಳ್ಳುವುದೇ ತಾಯಿ ವಾಇಲತಳ ಮಗಳೆಂದು. ಸಮಾಧಿಯನ್ನು ಮಾರುವವರನ್ನೂ ಕೊಳ್ಳುವವರನ್ನೂ ನಬಾತಿಯನ್ನರ ಮುಖ್ಯ ದೇವರು ದುಶರ, ಜೊತೆಗೆ ಅಲ್ಲಾತ್, ಮನಾತ್ ಶಪಿಸಲಿ ಎಂದಿದೆ; ದೇವರಿಗಲ್ಲದೆ ಪುರೋಹಿತನಿಗೂ 1000 ಸೆಲಾ ನಾಣ್ಯ ದಂಡ ತೆರಬೇಕು. ಇದಕ್ಕೆ ಒಂದೇ ವಿನಾಯಿತಿ: ಕಮ್ಕಮ್ ಇಲ್ಲವೇ ಕುಲೈಬತ್ ಕೈಯಾರೆ ಬರೆದುಕೊಟ್ಟ ಪತ್ರವಿದ್ದರೆ ಅದು ಊರ್ಜಿತ. ನನ್ನ ಮಟ್ಟಿಗೆ ಇಡೀ ಶಾಸನದ ತಿರುಳು ಈ ಸಾಲು. ಹೆಣ್ಣಿನ ಬರಹಕ್ಕೆ ಕಾನೂನಿನ ಬಲ, ಅದನ್ನು ಮೀರಿದವರಿಗೆ ದೇವಿಯ ಶಾಪ. ಪೂಜೆಗೂ ಹಕ್ಕಿಗೂ ನಂಟು ಕಾಣುವುದು ಇಲ್ಲಿ, ದೇವಿ ಹೆಣ್ಣೆಂಬ ಕಾರಣದಿಂದಲ್ಲ; ಶಪಿಸುವವರಲ್ಲಿ ದುಶರ ಗಂಡುದೇವರೇ ಅಲ್ಲವೇ?

ಹಿನತ್ ಎಂಬಾಕೆಯ ಸಮಾಧಿಯೂ (ಕ್ರಿ.ಶ. 60–61) ಹೀಗೆಯೇ ತನಗೆ, ತನ್ನ ಮಕ್ಕಳಿಗೆ ಎಂದು ಬರೆಸಿದ್ದು. ಆದರೂ ಹೆಗ್ರಾದ ಹೆಚ್ಚಿನ ಸಮಾಧಿಗಳು ಗಂಡಸರ ಹೆಸರಲ್ಲಿವೆ. ಮಾಡಿಸಿದ ಹೆಂಗಸರೂ ಉಳ್ಳವರೇ, ಕುರಿ ಕಾಯುವವಳ ಮಾತು ಇಲ್ಲಿಲ್ಲ.

ನಾಣ್ಯಗಳ ಮೇಲೆ ಹುಲ್ದು, ಶಕೀಲತ್ ರಾಣಿಯರು ಅರಸನ ಜೊತೆ ಇದ್ದಾರೆ. ಅದು ಅರಮನೆಯ ಮಾತು, ಅದನ್ನು ಬೀದಿಗೆ ತಂದು ಅನ್ವಯಿಸಬಾರದು.

ಜನಸಾಮಾನ್ಯರ ವ್ಯವಹಾರಕ್ಕೆ ಹತ್ತಿರದ ಸಾಕ್ಷ್ಯವೆಂದರೆ ಮೃತಸಮುದ್ರದ ಬಳಿ ನಹಾಲ್ ಹೆವೆರ್ ಗುಹೆಯಲ್ಲಿ 1961ರಲ್ಲಿ ಸಿಕ್ಕ ಬಬಥಾ ಎಂಬ ಯಹೂದಿ ಮಹಿಳೆಯ ಪತ್ರಗಳ ಕಟ್ಟು. ಅದರಲ್ಲಿ ಕೆಲವು ನಬಾತಿಯನ್ ಅರಸರ ಕಾಲದವು. ಒಂದರಲ್ಲಿ ಅಮತ್-ಇಸಿ ತನ್ನ ಗಂಡ ಮುಕೀಮುವಿಗೆ ಕೊಟ್ಟ ಸಾಲದ ಲೆಕ್ಕ 150 ಸೆಲಾ, ಮೇಲೆ ಜಾಮೀನುದಾರನೂ ಇದ್ದಾನೆ. ಗಂಡನ ಕೈ ಸೇರಿದರೂ ಹೆಂಡತಿಯ ಹಣ ಹೆಂಡತಿಯದೇ ಎಂಬುದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಕ್ರಿ.ಶ. 99ರ ಪತ್ರದಲ್ಲಿ ಅಬಿ-ಅದನ್ ತನ್ನ ಖರ್ಜೂರದ ತೋಟವನ್ನು ತಾನೇ ಬಬಥಾಳ ತಂದೆ ಶಿಮೋನನಿಗೆ ಮಾರಿದ್ದಾಳೆ.

ಓದುವವರು ಎಡವುವುದು ಈ ಕಟ್ಟಿನ ಉಳಿದ ಭಾಗದಲ್ಲಿ. ಕ್ರಿ.ಶ. 106ರಲ್ಲಿ ರೋಮ್ ನಬಾತಿಯನ್ ರಾಜ್ಯವನ್ನು ತನ್ನ ಪ್ರಾಂತ್ಯ ಮಾಡಿಕೊಂಡ ನಂತರದ ಗ್ರೀಕ್ ಪತ್ರಗಳಲ್ಲಿ ಬಬಥಾಳ ಜೊತೆಗೆ ಒಬ್ಬ ಗಂಡಸು ಪೋಷಕನಾಗಿ, ಅಂದರೆ ಕಾನೂನಿನ ವ್ಯವಹಾರದಲ್ಲಿ ಅವಳ ಪರವಾಗಿ, ನಿಲ್ಲುತ್ತಾನೆ. 127ರಲ್ಲಿ ಅವಳು ತನ್ನ ತೋಟಗಳನ್ನು ಸರ್ಕಾರಿ ಲೆಕ್ಕಕ್ಕೆ ಬರೆಸುವಾಗಲೂ ಹಾಗೆಯೇ, ಗಂಡ ಯೆಹೂದಾ ಪೋಷಕ. ಅದು ರೋಮನ್ ಆಡಳಿತದ ಪದ್ಧತಿ. ಅಬಿ-ಅದನ್‌ಳ ಪತ್ರದ ಪಕ್ಕದಲ್ಲಿ 127ರ ಪತ್ರವನ್ನಿಟ್ಟು ಓದಿ, ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬೇಡಿ.