ಮುಳ್ಳು ಚುಚ್ಚಿದ ಕಾಲು ಎಲ್ಲಿ ಹೋಯಿತು?

ಸಿಂಧನೂರಿನ ತಂಗಿಗೆ,

ಬಿಳಿ ರಕ್ತಕಣಗಳನ್ನು ಕೆಲಸಕ್ಕೆ ಹಚ್ಚುವ ಸೈಟೊಕೈನ್ ಪ್ರೋಟೀನುಗಳ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಕಾಗುಣಿತದ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. 1957ರಲ್ಲಿ ಇಂಟರ್‌ಫೆರಾನ್ ಎಂಬ ಸೈಟೊಕೈನ್ ಸಿಕ್ಕ ಸಂಗತಿಯೂ ಸರಿಯಾಗಿದೆ. ಶುರುವಂತೂ ಚೆನ್ನಾಗಿದೆ: ಕಾಲುವೆ ದಂಡೆಯಲ್ಲಿ ಹೊರಟಿದ್ದ ನಿಮ್ಮಪ್ಪನ ಹಿಮ್ಮಡಿಗೆ ಬಳ್ಳಾರಿ ಜಾಲಿ ಮುಳ್ಳು ನೆಟ್ಟಿತು, ಮರುದಿನ ಬಾತುಕೊಂಡಿತು. ನಾನು ನೆಟ್ಟಗೆ ಕೂತೆ.

ಎರಡನೇ ಪ್ಯಾರಾಕ್ಕೆ ಬಂದರೆ ಕಾಲೂ ಇಲ್ಲ, ಅಪ್ಪನೂ ಇಲ್ಲ. "ಸೈಟೊಕೈನ್‌ಗಳು ರಣಕಹಳೆ ಊದುತ್ತವೆ. ಬಿಳಿ ರಕ್ತಕಣಗಳ ಚತುರಂಗ ಸೈನ್ಯ ಶತ್ರುವಿನ ಮೇಲೆ ಮುಗಿಬೀಳುತ್ತದೆ" ಎಂದಿದ್ದೀರಿ. ಊದಿದ್ದು ಯಾರು? ನಾಳದಲ್ಲಿ ಹರಿದು ಹೋಗುತ್ತಿದ್ದ ಕಣ ಹಿಮ್ಮಡಿಯಲ್ಲೇ ಯಾಕೆ ಇಳಿಯಿತು? ಸೈನ್ಯ ಬಂದ ಕೂಡಲೇ ಈ ಪ್ರಶ್ನೆಗಳೆಲ್ಲ ಮುಚ್ಚಿಹೋದವು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಚರ್ಮದಡಿ ಮೊದಲೇ ನೆಲೆಸಿರುವ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳಿವೆ ಅಲ್ವಾ? ಮುಳ್ಳಿನ ಜೊತೆ ಒಳಬಂದ ಬ್ಯಾಕ್ಟೀರಿಯಾ ತಾಗಿದರೆ ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸೈಟೊಕೈನ್ ಬಿಡುತ್ತವೆ. ಅದರಿಂದ ಪಕ್ಕದ ಸಣ್ಣ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ಹರಿಯುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅಲ್ಲಿ ತಡೆದು, ಉರುಳಿ, ನಿಂತು, ಗೋಡೆಯ ಸಂದಿಯಲ್ಲಿ ನುಸುಳಿ ಹೊರಗೆ ಬರುತ್ತದೆ. ಮುಂದೆ ದಾರಿ ತೋರಿಸುವುದು ಇಂಟರ್‌ಲ್ಯೂಕಿನ್-8 ಎಂಬ ಇನ್ನೊಂದು ಸೈಟೊಕೈನ್. ಬೆಲ್ಲದ ವಾಸನೆ ಹಿಡಿದ ಇರುವೆಯ ಹಾಗೆ, ಅದು ಜಾಸ್ತಿ ಇರುವ ಕಡೆಗೇ ಕಣ ಸಾಗುತ್ತದೆ. ನಾಳ ಹಿಗ್ಗಿ ರಕ್ತ ಜಾಸ್ತಿ ಬಂದದ್ದಕ್ಕೆ ಹಿಮ್ಮಡಿ ಕೆಂಪು, ಬಿಸಿ. ನಾಳದಿಂದ ನೀರು ಸೋರಿದ್ದಕ್ಕೆ ಬಾವು. ಕೀವಿನಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಇಷ್ಟೆಲ್ಲ ನಿಮ್ಮಪ್ಪನ ಕಾಲಲ್ಲೇ ಇತ್ತು, ಕುರುಕ್ಷೇತ್ರದ ತನಕ ಹೋಗಬೇಕಿರಲಿಲ್ಲ.

ನಾನು ರಾಯಚೂರಿನ ಪತ್ರಿಕೆಯೊಂದಕ್ಕೆ ಸೇರಿದ ಹೊಸದರಲ್ಲಿ ಡೆಸ್ಕಿನ ಹಿರಿಯರೊಬ್ಬರು ವಾಕ್ಯ ವಾಕ್ಯಕ್ಕೂ "ಹೂಂ, ಆಮೇಲೇನಾತು?" ಎನ್ನುತ್ತಿದ್ದರು. ಶಕ್ತಿನಗರದ ಸ್ಥಾವರದ ಬಗ್ಗೆ ಬರೆಯುವಾಗ "ಕಲ್ಲಿದ್ದಲಿನಿಂದ ಕರೆಂಟು" ಎಂದರೆ ಬಿಡುತ್ತಿರಲಿಲ್ಲ. ಕಲ್ಲಿದ್ದಲು ಉರೀತು, ಆಮೇಲೆ? ನೀರು ಆವಿ ಆತು, ಆಮೇಲೆ? ಟರ್ಬೈನ್ ತಿರುಗುವ ಹೊತ್ತಿಗೆ ತರಿಸಿಟ್ಟ ಒಗ್ಗರಣೆ-ಮಿರ್ಚಿ ತಣ್ಣಗಾಗಿರುತ್ತಿತ್ತು. ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ನೀವೂ ನನ್ನನ್ನು ಬೈದುಕೊಳ್ಳಿ, ಬೇಜಾರಿಲ್ಲ.

ಇನ್ನೊಂದು ಸಾಲು ಮಾತ್ರ ನಾನೇ ಹೊಡೆದು ಹಾಕಿದ್ದೇನೆ: "ಸೈಟೊಕೈನ್ ಹೆಚ್ಚಿದಷ್ಟೂ ಒಳ್ಳೆಯದು, ದಿನಾ ಕಷಾಯ ಕುಡಿಯಿರಿ." ಹಿಮ್ಮಡಿಗೆ ಉಪಕಾರ ಮಾಡಿದ ಅದೇ ಟಿಎನ್‌ಎಫ್ ಮೈಯೆಲ್ಲಾ ಹರಡಿದರೆ ಎಲ್ಲಾ ಕಡೆ ನಾಳ ಸೋರಿ ಬಿಪಿ ಕುಸಿಯುತ್ತದೆ. ಕೋವಿಡ್ ಜೋರಾದ ಕೆಲವರಿಗೆ ಟೊಸಿಲಿಜುಮ್ಯಾಬ್ ಎಂಬ ಔಷಧ ಕೊಟ್ಟದ್ದು ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ನ ಕೆಲಸ ತಡೆಯಲಿಕ್ಕೆ, ಹೆಚ್ಚಿಸಲಿಕ್ಕಲ್ಲ. ದೇಹವೂ ಸುಮ್ನೆ ಕೂರುವುದಿಲ್ಲ, ಇಂಟರ್‌ಲ್ಯೂಕಿನ್-10 ಬಿಟ್ಟು ಇದನ್ನೆಲ್ಲ ತಣಿಸುತ್ತದೆ. ನೀವು ಅದರ ಹೆಸರೇ ಎತ್ತಿಲ್ಲ.

ಕಷಾಯದ ಜಾಗದಲ್ಲಿ ಬೇರೆ ಪ್ಯಾರಾ ಬರಲಿ. ಸೋಂಕಾದಾಗ ಜಿ-ಸಿಎಸ್‌ಎಫ್ ಎಂಬ ಪ್ರೋಟೀನು ಎಲುಬಿನ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ತಯಾರಿಕೆ ಹೆಚ್ಚಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ 11,000 ದಾಟಿದೆ ಅಂತ ಗಾಬರಿಯಾಗುವ ಓದುಗರು ನಮಗೆ ಬಹಳ. ಅವರಿಗೆ ಅರ್ಥವಾಗುವ ಹಾಗೆ ಬರೆಯಿರಿ. ಸೈನ್ಯವನ್ನು ಅಲ್ಲೇ ಬಿಟ್ಟು ಬನ್ನಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.